ಗೀರು ಎಷ್ಟು ಆಳ?

ಹೊಸ ಕಾರು ಮನೆಗೆ ಬಂತೆಂದರೆ ಮೊದಲು ಅದನ್ನು ಚರ್ಚಿನ ಅಂಗಳಕ್ಕೆ ತರುವುದು ನಮ್ಮ ಕುಟುಂಬಗಳ ರೂಢಿ. ಗುರುಗಳು ಪ್ರಾರ್ಥನೆ ಹೇಳಿ ಪವಿತ್ರ ಜಲ ಚಿಮುಕಿಸುತ್ತಾರೆ. ಕನ್ನಡಿಗೆ ಜಪಮಾಲೆ ಬೀಳುತ್ತದೆ. ಪ್ರಯಾಣಿಕರ ಪಾಲಕ ಸಂತ ಕ್ರಿಸ್ಟೋಫರರ ಪದಕ ಡ್ಯಾಶ್‌ಬೋರ್ಡಿನ ಮೇಲೆ ಕೂರುತ್ತದೆ. ಇಷ್ಟೆಲ್ಲ ಆಗಿ ಒಂದೆರಡು ತಿಂಗಳು ಕಳೆಯುವುದರೊಳಗೆ ಎಲ್ಲಿಂದಲೋ ಮೊದಲ ಗೀರು ಬಂದಿರುತ್ತದೆ. ಪಾಗಾರದ ಮುರಕಲ್ಲು, ಪಕ್ಕದಲ್ಲಿ ನಿಲ್ಲಿಸಿದ ಸ್ಕೂಟರಿನ ಹ್ಯಾಂಡಲ್, ಮಗುವಿನ ಸೈಕಲ್, ಓಣಿಯ ಬೇಲಿಯ ಮುಳ್ಳು, ಬಿದ್ದ ತೆಂಗಿನ ಮಡಲು: ಕಾರಣ ಯಾವುದೂ ಇರಬಹುದು. ಗೀರು ಬೀಳದ ಕಾರು ಶೋರೂಮಿನಲ್ಲಿ ಮಾತ್ರ ಇರುತ್ತದೆ.

ಆಗ ಮನೆಯಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ. ಕೆಲವರು ಕೂದಲೆಳೆಯಂಥ ಗೆರೆಗೂ ಗಾಬರಿಯಾಗಿ ವರ್ಕ್‌ಶಾಪಿಗೆ ಓಡುತ್ತಾರೆ. ಅಲ್ಲಿ ಒಂದು ಗೆರೆಗೆ ಮಾತ್ರ ಬಣ್ಣ ಹಚ್ಚುವುದು ವಿರಳ. ಇಡೀ ಬಾಗಿಲನ್ನೋ ಬಾನೆಟನ್ನೋ ಉಜ್ಜಿ ಹೊಸದಾಗಿ ಬಣ್ಣ ಹೊಡೆಯುತ್ತಾರೆ, ಬಿಲ್ಲು ಸಾವಿರಗಳಲ್ಲಿ ಬರುತ್ತದೆ. ಇನ್ನು ಕೆಲವರು ತಗಡು ಕಾಣುವಷ್ಟು ಆಳವಾದ ಗಾಯವನ್ನೂ 'ಇರಲಿ, ಮಳೆಗಾಲ ಕಳೆಯಲಿ' ಎಂದು ಬಿಟ್ಟುಬಿಡುತ್ತಾರೆ. ಮಳೆಗಾಲ ಕಳೆಯುವಾಗ ಅಲ್ಲಿ ತುಕ್ಕು ಮನೆ ಮಾಡಿರುತ್ತದೆ. ಗೀರು ಎಷ್ಟು ಆಳ ಎಂದು ತಿಳಿಯುವ ಗೊಡವೆಗೆ ಹೋಗದಿರುವುದೇ ಈ ಎರಡಕ್ಕೂ ಕಾರಣ. ಆಳ ಗೊತ್ತಾದರೆ ಮದ್ದು ತಾನಾಗಿ ಗೊತ್ತಾಗುತ್ತದೆ.

ಒಂದು ಹಾಳೆ ಕಾಗದದಷ್ಟು

ಕಾರಿನ ಬಣ್ಣ ಒಂದೇ ಪದರವಲ್ಲ. ಉಕ್ಕಿನ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಪ್ರೈಮರ್. ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಇದನ್ನು ಅಂಟಿಸುತ್ತಾರೆ. ಅದರ ಮೇಲೆ ಸಾಮಾನ್ಯವಾಗಿ ಮೇಲ್ಮೈಯನ್ನು ಸಮಮಾಡುವ ಇನ್ನೊಂದು ಪ್ರೈಮರ್. ಅದರ ಮೇಲೆ ನಮ್ಮ ಕಣ್ಣಿಗೆ ಕಾಣುವ ಬಣ್ಣ, ಅಂದರೆ ಬೇಸ್ ಕೋಟ್. ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ, ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್. ಹೊಳಪು ಕೊಡುವುದೂ ಬಿಸಿಲಿನ ನೇರಳಾತೀತ ಕಿರಣಗಳಿಂದ ಬಣ್ಣವನ್ನು ಕಾಪಾಡುವುದೂ ಈ ಕೊನೆಯ ಪದರವೇ.

ಇವೆಲ್ಲ ಸೇರಿದರೂ ದಪ್ಪ ಸುಮಾರು 100ರಿಂದ 150 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ನಾವು ಬರೆಯುವ ಕಾಗದದ ಒಂದು ಹಾಳೆ ಹೆಚ್ಚುಕಡಿಮೆ ಅಷ್ಟೇ ದಪ್ಪವಿರುತ್ತದೆ. ಅದರಲ್ಲಿ ಕ್ಲಿಯರ್ ಕೋಟ್ 35ರಿಂದ 50 ಮೈಕ್ರಾನ್, ತಲೆಗೂದಲಿಗಿಂತಲೂ ತೆಳು. ಮುಂದೆ ಹೇಳುವ ಎಲ್ಲ ಕೆಲಸಗಳಲ್ಲೂ ಈ ಲೆಕ್ಕ ನೆನಪಿರಲಿ. ಉಜ್ಜುವುದೆಂದರೆ ಈ ತೆಳು ಪದರದಿಂದಲೇ ಸ್ವಲ್ಪ ಸವೆಸುವುದು. ಸವೆದದ್ದು ಮರಳಿ ಬೆಳೆಯುವುದಿಲ್ಲ.

ಹಿಂದಿನ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಕ್ಲಿಯರ್ ಕೋಟ್ ಇರಲಿಲ್ಲ. ಬಣ್ಣವೂ ಹೊಳಪೂ ಒಂದೇ ಪದರ. ಈಗಲೂ ಕೆಲವು ಬಿಳಿ ಕಾರುಗಳಲ್ಲಿ, ವ್ಯಾನುಗಳಲ್ಲಿ ಅದೇ ಕ್ರಮವಿದೆ. ನಿಮ್ಮದು ಯಾವ ಬಗೆ ಎಂದು ತಿಳಿಯಲು ಮರೆಯಲ್ಲಿರುವ ಒಂದು ಜಾಗದಲ್ಲಿ ಬಟ್ಟೆಗೆ ಪಾಲಿಶ್ ಹಚ್ಚಿ ಮೆಲ್ಲನೆ ಉಜ್ಜಿ ನೋಡಿ. ಕಾರಿನ ಬಣ್ಣ ಬಟ್ಟೆಗೆ ಹತ್ತಿದರೆ ಕ್ಲಿಯರ್ ಕೋಟ್ ಇಲ್ಲವೆಂದೇ ಅರ್ಥ.

ಮೊದಲು ತೊಳೆಯಿರಿ

ಧೂಳು ಮೆತ್ತಿಕೊಂಡಿರುವಾಗ ಗೀರನ್ನು ಪರೀಕ್ಷಿಸುವಂತೆಯೇ ಇಲ್ಲ. ಮಂಜೇಶ್ವರದಿಂದ ಕಾಸರಗೋಡಿನವರೆಗಿನ ನಮ್ಮ ಒಳರಸ್ತೆಗಳ ಕೆಂಪು ಧೂಳಿನಲ್ಲಿ ಸಣ್ಣ ಹರಳುಗಳಿರುತ್ತವೆ. ಬೆಳಿಗ್ಗೆ ಎದ್ದು ಒಣ ಬಟ್ಟೆಯಿಂದ ಕಾರನ್ನು ಒರೆಸುವ ಅಭ್ಯಾಸ ಅನೇಕರಿಗಿದೆ. ಒಳ್ಳೆಯ ಮನಸ್ಸಿನಿಂದ ಮಾಡುವ ಈ ಕೆಲಸವೇ ಬಿಸಿಲಿಗೆ ಹಿಡಿದಾಗ ಕಾಣುವ ಜೇಡರ ಬಲೆಯಂಥ ಸಾವಿರಾರು ಸಣ್ಣ ಗೀರುಗಳಿಗೆ ಕಾರಣ. ಒಣ ಧೂಳಿನ ಮೇಲೆ ಬಟ್ಟೆ ಎಳೆದರೆ ಬಟ್ಟೆಯೇ ಉಜ್ಜುಕಾಗದವಾಗುತ್ತದೆ.

ಕಾರನ್ನು ನೆರಳಿನಲ್ಲಿ ನಿಲ್ಲಿಸಿ. ಮೊದಲು ಬರೀ ನೀರು ಹಾಯಿಸಿ ಧೂಳು ಇಳಿಸಿ. ಬಳಿಕ ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಕಾರ್ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಶುದ್ಧ ನೀರು. ಬಟ್ಟೆ ಒಗೆಯುವ ಪುಡಿಯಾಗಲಿ ಪಾತ್ರೆ ತೊಳೆಯುವ ಸಾಬೂನಾಗಲಿ ಬೇಡ. ಅವು ಮೇಣದ ರಕ್ಷಣೆಯನ್ನು ಎತ್ತಿಬಿಡುತ್ತವೆ. ಮೇಲಿನಿಂದ ಕೆಳಕ್ಕೆ ತೊಳೆಯುತ್ತ ಬನ್ನಿ. ಚಕ್ರದ ಪಕ್ಕದ ಭಾಗ ಕೊನೆಗೆ, ಬೇರೆ ಬಟ್ಟೆಯಲ್ಲಿ. ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ನೀರು ಹೀರಿಸಿ.

ಎಷ್ಟೋ ಸಲ ತೊಳೆದ ಮೇಲೆ ಗೀರೇ ಇರುವುದಿಲ್ಲ. ಪಾಗಾರದ ಸುಣ್ಣವೋ ಬೇರೊಂದು ವಾಹನದ ಬಣ್ಣವೋ ನಮ್ಮ ಕಾರಿಗೆ ಅಂಟಿಕೊಂಡು ಗೀರಿನಂತೆ ಕಂಡಿರುತ್ತದೆ. ಬೆರಳಾಡಿಸಿದರೆ ತಗ್ಗಿಗೆ ಬದಲು ಉಬ್ಬು ಸಿಕ್ಕಿದರೆ ಅದು ಇದೇ. ಮಿನರಲ್ ಟರ್ಪೆಂಟೈನ್ ಸ್ವಲ್ಪವೇ ಹಾಕಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಕೂಡಲೇ ಶಾಂಪೂ ನೀರಿನಿಂದ ತೊಳೆಯಿರಿ. ಪೇಂಟ್ ಅಂಗಡಿಯ ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಮುಟ್ಟಬೇಡಿ. ಅವು ನಿಮ್ಮ ಕಾರಿನ ಬಣ್ಣವನ್ನೇ ಕರಗಿಸಬಹುದು. ಪೆಟ್ರೋಲಿನಲ್ಲಿ ಬೆಂಕಿಯ ಅಪಾಯವಿದೆ, ಅದೂ ಬೇಡ.

ಉಗುರಿನ ಪರೀಕ್ಷೆ

ಕಾರು ಒಣಗಿದ ಮೇಲೆ ಮೂರು ಪರೀಕ್ಷೆ ಮಾಡಿ. ಯಾವ ಉಪಕರಣವೂ ಬೇಡ.

ಒಂದು, ಗೀರಿನ ಮೇಲೆ ನೀರು ಸವರಿ. ಒದ್ದೆಯಾಗಿರುವಷ್ಟು ಹೊತ್ತು ಗೀರು ಮಾಯವಾಗಿ, ಒಣಗಿದಾಗ ಮತ್ತೆ ಕಂಡರೆ ಅದು ಕ್ಲಿಯರ್ ಕೋಟಿನಲ್ಲೇ ನಿಂತಿದೆ.

ಎರಡು, ಗೀರಿಗೆ ಅಡ್ಡಲಾಗಿ ಉಗುರು ಎಳೆಯಿರಿ. ಉಗುರು ಜಾರಿ ಹೋದರೆ ಪಾಲಿಶ್ ಸಾಕು. ಉಗುರು ಸಿಕ್ಕಿಕೊಂಡರೆ ಪಾಲಿಶಿನಿಂದ ಅದು ಪೂರ್ತಿ ಹೋಗುವುದು ಕಷ್ಟ.

ಮೂರು, ಗೀರಿನ ತಳದ ಬಣ್ಣ ನೋಡಿ. ಕಾರಿನದೇ ಬಣ್ಣ ಕಂಡರೆ ಬೇಸ್ ಕೋಟ್ ಉಳಿದಿದೆ. ಬೂದು ಅಥವಾ ಮಾಸಲು ಬಿಳಿ ಕಂಡರೆ ಪ್ರೈಮರ್ ತನಕ ಇಳಿದಿದೆ. ಬೆಳ್ಳಿಯಂತೆ ಹೊಳೆದರೆ ಅದು ತಗಡು. ಕಂದು ಕಂಡರೆ ತುಕ್ಕು ಆಗಲೇ ಶುರುವಾಗಿದೆ. ಬಂಪರಿನಲ್ಲಿ ಕಪ್ಪು ಕಂಡರೆ ಹೆದರಬೇಡಿ. ಅದು ಪ್ಲಾಸ್ಟಿಕ್, ತುಕ್ಕು ಹಿಡಿಯುವುದಿಲ್ಲ.

ಉಗುರು ಜಾರಿದರೆ

ಬೇಕಾದ ಸಾಮಾನು ನಾಲ್ಕೇ: ರಬ್ಬಿಂಗ್ ಕಾಂಪೌಂಡ್, ಪಾಲಿಶ್, ಮೇಣ, ಎರಡು ಮೂರು ಮೈಕ್ರೋಫೈಬರ್ ಬಟ್ಟೆ. ಎಲ್ಲವೂ ಕಾರಿನ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತವೆ. ಕಾಂಪೌಂಡಿನಲ್ಲಿ ನುಣುಪಾದ ಉಜ್ಜುಪುಡಿ ಇರುತ್ತದೆ. ಪಾಲಿಶಿನಲ್ಲಿ ಅದಕ್ಕಿಂತಲೂ ನುಣುಪು. ಮೇಣ ಉಜ್ಜುವುದಿಲ್ಲ, ಮೇಲೆ ಕೂತು ಕಾಪಾಡುತ್ತದೆ. ಮೊದಲು ಪಾಲಿಶ್ ಪ್ರಯತ್ನಿಸಿ. ಅದರಿಂದ ಆಗದಿದ್ದರೆ ಮಾತ್ರ ಕಾಂಪೌಂಡ್. ಸೌಮ್ಯವಾದದ್ದು ಮೊದಲು, ಖಾರವಾದದ್ದು ಆಮೇಲೆ.

ಬಾನೆಟ್ ಕೈಗೆ ತಣ್ಣಗಿರಬೇಕು. ಒಂದು ಅಡಿ ಉದ್ದಗಲದಷ್ಟು ಜಾಗವನ್ನೇ ಹಿಡಿಯಿರಿ. ಒಂದು ರೂಪಾಯಿ ನಾಣ್ಯದಷ್ಟು ಪಾಲಿಶ್ ಬಟ್ಟೆಗೆ ಹಾಕಿ, ಹಗುರವಾದ ಒತ್ತಡದಲ್ಲಿ ಉದ್ದಕ್ಕೂ ಅಡ್ಡಕ್ಕೂ ಒಂದೆರಡು ನಿಮಿಷ ಉಜ್ಜಿ. ಒರೆಸಿ ನೋಡಿ. ಬೇಕಿದ್ದರೆ ಇನ್ನೊಮ್ಮೆ. ಬಾಗಿಲಿನ ಅಂಚು, ಬಾನೆಟಿನ ಮಡಿಕೆಗಳ ಮೇಲೆ ಪದರ ಇನ್ನೂ ತೆಳುವಾಗಿರುತ್ತದೆ, ಅಲ್ಲಿ ಕೈ ಇನ್ನಷ್ಟು ಹಗುರವಿರಲಿ. ಕಾಂಪೌಂಡ್ ಹಾಕಿದ್ದರೆ ಅದರ ಮಬ್ಬು ಹೋಗಲು ಮತ್ತೆ ಪಾಲಿಶ್ ಹಾಕಿ. ಕೊನೆಗೆ ಮೇಣ. ಮೂರು ನಾಲ್ಕು ಸಲ ಉಜ್ಜಿದ ಮೇಲೂ ಮಸುಕಾಗಿ ಒಂದು ಗೆರೆ ಉಳಿದರೆ ಅಲ್ಲಿಗೆ ನಿಲ್ಲಿಸಿ. ಪೂರ್ತಿ ಅಳಿಸುವ ಹಟಕ್ಕೆ ಬಿದ್ದವರು ಕ್ಲಿಯರ್ ಕೋಟನ್ನೇ ತೂತು ಮಾಡಿದ್ದುಂಟು. ಅದಾದ ಮೇಲೆ ವರ್ಕ್‌ಶಾಪೇ ಗತಿ.

2000 ಅಥವಾ 3000 ನಂಬರಿನ ವಾಟರ್ ಪೇಪರಿನಿಂದ ಉಜ್ಜುವ ಕ್ರಮವೂ ಇದೆ. ಕೈ ಪಳಗಿದವರಿಗೆ ಅದು ಸರಿ, ಮೊದಲ ಸಲ ಮಾಡುವವರಿಗೆ ಬೇಡ. ಹೊಳಪಿಲ್ಲದ ಮ್ಯಾಟ್ ಬಣ್ಣದ ಕಾರಿಗೆ, ರಕ್ಷಣಾ ಫಿಲ್ಮ್ ಅಂಟಿಸಿದ ಕಾರಿಗೆ ಪಾಲಿಶ್, ಕಾಂಪೌಂಡ್ ಎರಡೂ ಹಾಕಬಾರದು.

ಹಿತ್ತಲ ಮದ್ದುಗಳ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಹಲ್ಲುಜ್ಜುವ ಬಿಳಿ ಪೇಸ್ಟಿನಲ್ಲಿ ಉಜ್ಜುಪುಡಿ ಇರುವುದರಿಂದ ತೀರಾ ಸಣ್ಣ ಗೆರೆಗೆ ಅದು ದುರ್ಬಲ ಪಾಲಿಶಿನಂತೆ ಕೆಲಸ ಮಾಡುವುದು ನಿಜ. ಆದರೆ ಅದರ ಹರಳಿನ ಗಾತ್ರ ಹಲ್ಲಿಗೆ ಲೆಕ್ಕ ಹಾಕಿದ್ದೇ ಹೊರತು ಬಣ್ಣಕ್ಕಲ್ಲ. ತೆಂಗಿನೆಣ್ಣೆ ಸವರಿದರೆ ಗೀರು ಮಾಯವಾದಂತೆ ಕಾಣುತ್ತದೆ. ಎಣ್ಣೆ ಗೀರಿನೊಳಗೆ ತುಂಬಿಕೊಂಡಿದೆ, ಅಷ್ಟೆ. ಒಂದು ಮಳೆಗೆ ಎಣ್ಣೆ ಹೋಗಿ ಗೀರು ಉಳಿಯುತ್ತದೆ, ಅಷ್ಟರಲ್ಲಿ ಒಂದಿಷ್ಟು ಧೂಳೂ ಅಂಟಿರುತ್ತದೆ.

ತಗಡು ಕಂಡರೆ ತಡಮಾಡಬೇಡಿ

ಕರಾವಳಿಯ ನಮಗೆ ಮುಖ್ಯವಾದ ಮಾತು ಇದು. ಕಬ್ಬಿಣ, ನೀರು, ಆಮ್ಲಜನಕ ಮೂರೂ ಕೂಡಿದರೆ ತುಕ್ಕು. ಆ ನೀರಿನಲ್ಲಿ ಉಪ್ಪು ಬೆರೆತರೆ ವಿದ್ಯುತ್ ಸರಾಗವಾಗಿ ಹರಿದು ತುಕ್ಕಿನ ಓಟ ಹೆಚ್ಚುತ್ತದೆ. ಕಡಲ ಗಾಳಿಯಲ್ಲಿ ಉಪ್ಪಿದೆ; ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯಿದೆ. ಘಟ್ಟದ ಮೇಲಿನ ಒಣ ಊರಿನಲ್ಲಿ ತಿಂಗಳುಗಟ್ಟಲೆ ಸುಮ್ಮನಿರುವ ಗೀರು ಇಲ್ಲಿ ಬೇಗನೆ ಕಂದಾಗುತ್ತದೆ. ತುಕ್ಕು ಗೀರಿನಲ್ಲೇ ನಿಲ್ಲುವುದಿಲ್ಲ. ಅಕ್ಕಪಕ್ಕದ ಒಳ್ಳೆಯ ಬಣ್ಣದ ಅಡಿಗೆ ನುಗ್ಗಿ ಅದನ್ನು ಗುಳ್ಳೆಯಂತೆ ಎಬ್ಬಿಸುತ್ತದೆ.

ಇದಕ್ಕೆ ಟಚ್-ಅಪ್ ಬಣ್ಣ ಬೇಕು. ಅದನ್ನು ಕೊಳ್ಳಲು ಬಣ್ಣದ ಹೆಸರು ಸಾಲದು, ಕೋಡ್ ಬೇಕು. 'ಬಿಳಿ' ಎಂದರೆ ಹತ್ತು ಬಿಳಿಗಳಿವೆ. ಮಾರುತಿಯಲ್ಲೇ ಸುಪೀರಿಯರ್ ವೈಟ್ ಬೇರೆ, ಪರ್ಲ್ ಆರ್ಕ್ಟಿಕ್ ವೈಟ್ ಬೇರೆ. ಚಾಲಕನ ಬಾಗಿಲು ತೆರೆದಾಗ ಕಾಣುವ ಕಂಬದ ಮೇಲೋ ಬಾನೆಟಿನ ಕೆಳಗೋ ಇರುವ ಪಟ್ಟಿಯಲ್ಲಿ ಕೋಡ್ ಅಚ್ಚಾಗಿರುತ್ತದೆ. ಅದನ್ನು ಬರೆದುಕೊಂಡು ಹೋಗಿ. ಕೆಲಸದ ಕ್ರಮ ಹೀಗೆ:

1. ಗೀರಿನ ಒಳಗೆ ತುಕ್ಕಿದ್ದರೆ 400 ನಂಬರಿನ ವಾಟರ್ ಪೇಪರನ್ನು ಸಣ್ಣಗೆ ಮಡಚಿ, ಅದರ ತುದಿಯಿಂದ ಗೀರಿನೊಳಗೆ ಮಾತ್ರ ಉಜ್ಜಿ, ಹೊಳೆಯುವ ತಗಡು ಕಾಣುವಂತೆ ಮಾಡಿ. ಪಕ್ಕದ ಬಣ್ಣಕ್ಕೆ ಟೇಪ್ ಅಂಟಿಸಿಕೊಳ್ಳಿ. ತೂತಿನ ಮೂಲೆಯಲ್ಲಿ ತುಕ್ಕು ಉಳಿದರೆ ರಸ್ಟ್ ಕನ್ವರ್ಟರ್ ಒಂದು ಹನಿ ಹಚ್ಚಿ.

2. ಅರ್ಧ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಜಿಡ್ಡು ತೆಗೆದು ಒಣಗಿಸಿ. ಮೇಣದ ಜಿಡ್ಡಿನ ಮೇಲೆ ಬಣ್ಣ ಹಿಡಿಯುವುದಿಲ್ಲ.

3. ಹಲ್ಲುಕಡ್ಡಿಯ ತುದಿಯಿಂದ ಪ್ರೈಮರನ್ನು ತೆಳುವಾಗಿ, ಗೀರಿನ ಒಳಗೆ ಮಾತ್ರ ಇಳಿಸಿ. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒಣಗಲು ಬಿಡಿ.

4. ಬಣ್ಣವನ್ನು ಎರಡು ಮೂರು ತೆಳು ಪದರಗಳಲ್ಲಿ ಹಚ್ಚಿ, ಪ್ರತಿ ಪದರದ ನಡುವೆ ಅರ್ಧ ಗಂಟೆ ಬಿಡಿ. ಒಂದೇ ಸಲ ದಪ್ಪಗೆ ಹಚ್ಚಿದರೆ ಮೇಲೆ ಒಣಗಿ ಒಳಗೆ ಹಸಿಯಾಗಿ ಉಳಿಯುತ್ತದೆ.

5. ಕೊನೆಗೆ ಕ್ಲಿಯರ್ ಕೋಟ್. ಅದು ಅಕ್ಕಪಕ್ಕಕ್ಕಿಂತ ಕೂದಲೆಳೆಯಷ್ಟು ಎತ್ತರ ನಿಂತರೆ ಸರಿ. ಒಂದು ವಾರ ಬಿಟ್ಟು ಪಾಲಿಶಿನಿಂದ ಹದ ಮಾಡಬಹುದು. ಒಂದು ತಿಂಗಳು ಆ ಜಾಗಕ್ಕೆ ಮೇಣ ಬೇಡ.

ಕೆಲಸಕ್ಕೆ ಡಿಸೆಂಬರ್, ಜನವರಿಯ ಒಣ ಬೆಳಗು ಉತ್ತಮ. ಮಳೆಗಾಲದ ತೇವದಲ್ಲಿ ಹಚ್ಚಿದ ಬಣ್ಣ ಮಂಜು ಕವಿದಂತೆ ಬಿಳಿಚಿಕೊಳ್ಳಬಹುದು. ಜೂನ್‌ನಲ್ಲೇ ಗೀರು ಬಿದ್ದರೆ? ಅಕ್ಟೋಬರ್ ತನಕ ಕಾಯುವಂತಿಲ್ಲ. ಚೆನ್ನಾಗಿ ಒಣಗಿಸಿ, ಬಣ್ಣವಿಲ್ಲದ ಉಗುರುಬಣ್ಣವನ್ನು ಗೀರಿನೊಳಗೆ ಒಂದು ಪದರ ತುಂಬಿಸಿ. ಇದು ಸದ್ಯಕ್ಕೆ ಕೊಡೆ ಹಿಡಿದ ಹಾಗೆ, ಮಳೆ ನಿಂತ ಮೇಲೆ ಉಜ್ಜಿ ತೆಗೆದು ಸರಿಯಾದ ಕೆಲಸ ಮಾಡಬೇಕು.

ಒಂದು ಎಚ್ಚರಿಕೆ. ಗಟ್ಟಿಕಾರಕ ಬೆರೆಸಿ ಹೊಡೆಯುವ 'ಟೂ-ಕೆ' ಕ್ಲಿಯರ್ ಸ್ಪ್ರೇಗಳಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದೆ. ಅದು ಉಸಿರಿನೊಳಗೆ ಹೋದರೆ ಶ್ವಾಸಕೋಶಕ್ಕೆ ಕೇಡು. ಮಕ್ಕಳು, ಅಸ್ತಮಾ ಇರುವವರು ಓಡಾಡುವ ಮನೆಯಂಗಳದಲ್ಲಿ ಅದನ್ನು ಹೊಡೆಯಲೇಬೇಡಿ.

ಮನೆಯಲ್ಲಿ ಹಚ್ಚಿದ ಟಚ್-ಅಪ್ ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ, ಮೆಟಾಲಿಕ್ ಮತ್ತು ಪರ್ಲ್ ಬಣ್ಣಗಳಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಇರಲಿ. ನಮ್ಮ ಉದ್ದೇಶ ತುಕ್ಕು ತಡೆಯುವುದು. ಗೀರು ಅಂಗೈ ಅಗಲವಿದ್ದರೆ, ತಗಡು ನೆಗ್ಗಿದ್ದರೆ, ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತಿದ್ದರೆ ಅದು ಟಿಂಕರಿಂಗ್, ಪೇಂಟಿಂಗ್ ಬಲ್ಲವರ ಕೆಲಸ. ಅವರಿಗೆ ಅವರ ಕೂಲಿ ಕೊಟ್ಟು ಮಾಡಿಸಿ.

'ಇನ್ಶೂರೆನ್ಸ್ ಇದೆಯಲ್ಲ' ಎನ್ನುವವರು ಒಂದು ಲೆಕ್ಕ ಹಾಕಿಕೊಳ್ಳಿ. ಕ್ಲೇಮ್ ಮಾಡದ ವರ್ಷಗಳಿಗೆ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ರಿಯಾಯಿತಿ ಇದೆ: ಮೊದಲ ವರ್ಷಕ್ಕೆ ಶೇಕಡಾ 20, ಮುಂದೆ 25, 35, 45, ಐದನೆಯ ವರ್ಷಕ್ಕೆ 50. ಒಂದು ಗೀರಿಗೆಂದು ಕ್ಲೇಮ್ ಮಾಡಿದರೆ, ಬೋನಸ್ ರಕ್ಷಣೆಯನ್ನು ಬೇರೆಯಾಗಿ ಕೊಂಡಿರದಿದ್ದರೆ, ಅದು ಸೊನ್ನೆಗೆ ಇಳಿಯುತ್ತದೆ. ಸಾಲದ್ದಕ್ಕೆ 1500 ಸಿಸಿವರೆಗಿನ ಕಾರಿಗೆ 1000 ರೂಪಾಯಿ, ಅದಕ್ಕೂ ದೊಡ್ಡದಕ್ಕೆ 2000 ರೂಪಾಯಿ ನಮ್ಮ ಕೈಯಿಂದಲೇ ಹೋಗುತ್ತದೆ. ಸಣ್ಣ ಗೀರಿಗೆ ಕ್ಲೇಮ್ ಮಾಡುವುದು ಹಲವು ಸಲ ನಷ್ಟದ ವ್ಯಾಪಾರ.

ಗೀರು ಬರದಂತೆ

ಹಕ್ಕಿಯ ಹಿಕ್ಕೆ, ಮಾವಿನ ಸೊನೆ, ಹಲಸಿನ ಮೇಣ ಬಿದ್ದ ದಿನವೇ ತೆಗೆಯಿರಿ. ಬಿಸಿಲಿಗೆ ಕಾದರೆ ಅವು ಕ್ಲಿಯರ್ ಕೋಟನ್ನು ತಿಂದು ಗುರುತು ಉಳಿಸುತ್ತವೆ. ಕೆರೆಯಬೇಡಿ, ಒದ್ದೆ ಬಟ್ಟೆ ಐದು ನಿಮಿಷ ಹೊದಿಸಿ ಮೆತ್ತಗಾಗಿಸಿ ಎತ್ತಿ. ತೆಂಗಿನ ಮರದ ಬುಡದಲ್ಲಿ ಕಾರು ನಿಲ್ಲಿಸಬೇಡಿ. ಬೀಳುವ ಕಾಯಿಗೆ ಯಾವ ಪಾಲಿಶೂ ಮದ್ದಲ್ಲ. ಧೂಳು ಮೆತ್ತಿದ ಕಾರಿಗೆ ಕವರ್ ಹೊದಿಸಿದರೆ ಗಾಳಿಗೆ ಆ ಕವರೇ ಗೀರು ಹಾಕುತ್ತದೆ. ಮೂರು ತಿಂಗಳಿಗೊಮ್ಮೆ ಮೇಣ ಹಚ್ಚಿ, ಮುಖ್ಯವಾಗಿ ಮೇ ತಿಂಗಳಲ್ಲಿ, ಮಳೆಗೆ ಮುಂಚೆ.

ಮನೆಯೊಳಗಿನ ಗೀರು

ನಮ್ಮ ಕಡೆಯ ಒಂದು ಮನೆಗೆ ಭೇಟಿಗೆ ಹೋಗಿದ್ದೆ. ಯಜಮಾನರು ಗಲ್ಫಿನಲ್ಲಿ ದುಡಿಯುವವರು, ರಜೆಯಲ್ಲಿ ಬಂದಿದ್ದರು. ಹತ್ತು ವರ್ಷದ ಮಗ ಸೈಕಲ್ ತಿರುಗಿಸುವಾಗ ಹೊಸ ಕಾರಿನ ಬಾಗಿಲಿಗೆ ಒಂದು ಮೊಳ ಉದ್ದದ ಗೀರು ಬಿದ್ದಿತ್ತು. ತಂದೆ ಕೈ ಎತ್ತಿದ್ದರು. ಅಂದಿನಿಂದ ಹುಡುಗ ತಂದೆ ಕೂತ ಕೋಣೆಗೆ ಬರುತ್ತಿರಲಿಲ್ಲ. ಅಜ್ಜಿ ನನ್ನನ್ನು ಚಾವಡಿಯ ಮೂಲೆಗೆ ಕರೆದು, "ಫಾದರ್, ನಾಲ್ಕು ದಿನವಾಯಿತು, ಅಪ್ಪ ಮಗ ಮಾತಾಡಿಲ್ಲ. ರಜೆ ಇರುವುದೇ ಮೂವತ್ತು ದಿನ" ಎಂದರು.

ಪೇಂಟಿಂಗ್ ಕೆಲಸ ಬಲ್ಲ ನೆರೆಮನೆಯವರೊಬ್ಬರನ್ನು ಕರೆಸಿದರು. ಅವರು ಬಂದು ಗೀರಿನ ಮೇಲೆ ಉಗುರು ಎಳೆದರು. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. "ಇದು ಮೇಲಿನದ್ದು ಮಾತ್ರ. ಹುಡುಗನ ಕೈಯಲ್ಲೇ ತೆಗೆಸುವ, ಬಾ ಪುಟ್ಟಾ" ಎಂದು ಹುಡುಗನನ್ನು ಕರೆದರು. ತಂದೆ ನೀರು ಹೊತ್ತರು, ಮಗ ಉಜ್ಜಿದ. ಅರ್ಧ ದಿನದ ಕೆಲಸ. ಗೀರು ಪೂರ್ತಿ ಹೋಗಲಿಲ್ಲವಂತೆ, ಓರೆಯಾಗಿ ನೋಡಿದರೆ ಈಗಲೂ ಒಂದು ಎಳೆ ಕಾಣುತ್ತದಂತೆ. ಉಳಿದ ರಜೆಯಲ್ಲಿ ಅಪ್ಪ ಮಗ ಒಟ್ಟಿಗೆ ಭಾನುವಾರದ ಪೂಜೆಗೆ ಅದೇ ಕಾರಿನಲ್ಲಿ ಬಂದರು.

2007ರ ಜೂನ್‌ನಲ್ಲಿ ವಲಸಿಗರ ಪಾಲನಾ ಸೇವೆಗಾಗಿ ವ್ಯಾಟಿಕನ್ನಿನಲ್ಲಿ ಆಗ ಇದ್ದ ಪರಿಷತ್ತು ರಸ್ತೆಯ ಕುರಿತು ಒಂದು ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ವಾಹನ ಓಡಿಸುವವರಿಗಾಗಿ ಹತ್ತು ಕಟ್ಟಳೆಗಳಿವೆ. ಕಾರು ನಮ್ಮ ಅಧಿಕಾರ, ದರ್ಪಗಳನ್ನು ತೋರಿಸುವ ವಸ್ತುವಾಗಬಾರದು ಎಂಬುದು ಐದನೆಯದು. ಅಪಘಾತದಲ್ಲಿ ತಪ್ಪು ಮಾಡಿದವರನ್ನೂ ನೊಂದವರನ್ನೂ ತಕ್ಕ ಕಾಲದಲ್ಲಿ ಒಂದುಗೂಡಿಸಿ ಕ್ಷಮೆಗೆ ದಾರಿ ಮಾಡಿಕೊಡಿ ಎಂಬುದು ಎಂಟನೆಯದು. ದೊಡ್ಡ ಅಪಘಾತಗಳನ್ನು ಕುರಿತ ಆ ಮಾತು ಸಣ್ಣ ಗೀರಿಗೂ ಸಲ್ಲುತ್ತದೆ. ಮೊಂತಿ ಹಬ್ಬದಂದು, ಚರ್ಚಿನ ವಾರ್ಷಿಕ ಹಬ್ಬದಂದು ಅಂಗಳದ ತುಂಬ ಕಾರುಗಳು. ಹಿಂದೆ ತೆಗೆಯುವಾಗ ಪಕ್ಕದ ಕಾರಿಗೆ ತಾಗುತ್ತದೆ. ಯಾರೂ ನೋಡಲಿಲ್ಲವೆಂದು ಹೊರಟುಬಿಡುವುದು ಸುಲಭ. ಹಾಗೆ ಹೊರಡಬೇಡಿ. ಕಾರಿನವರು ಸಿಗದಿದ್ದರೆ ಚೀಟಿಯಲ್ಲಿ ಹೆಸರು, ಫೋನ್ ನಂಬರ್ ಬರೆದು ವೈಪರಿಗೆ ಸಿಕ್ಕಿಸಿ, ಇಲ್ಲವೇ ನಿಮ್ಮ ವಾಳೆಯ ಗುರಿಕಾರರಿಗೆ ತಿಳಿಸಿ. ಚೀಟಿ ಓದಿದವರೂ ಫೋನ್ ಮಾಡುವ ಮೊದಲು ಒಮ್ಮೆ ಉಗುರು ಎಳೆದು ನೋಡಿ. ಪಾಲಿಶಿನಿಂದ ಹೋಗುವ ಗೀರಿಗೆ ನೆರೆಹೊರೆ ಕೆಡಿಸಿಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಪ್ರಭು ಯೇಸು ನುಸಿ ಮತ್ತು ತುಕ್ಕಿನ ಮಾತೆತ್ತಿ ಭೂಮಿಯ ಸಂಪತ್ತಿನ ಬಗ್ಗೆ ಎಚ್ಚರಿಸುತ್ತಾರೆ. ಕಾರನ್ನು ಅಲಕ್ಷ್ಯ ಮಾಡಿ ಎಂದು ಅದರ ಅರ್ಥವಲ್ಲ. ಬೆವರು ಸುರಿಸಿ ಕೊಂಡ ವಸ್ತುವನ್ನು ಜೋಪಾನ ಮಾಡುವುದು ಗೃಹಸ್ಥನ ಧರ್ಮ. ಅದನ್ನು ಜೋಪಾನ ಮಾಡುವ ಭರದಲ್ಲಿ ಅದರಲ್ಲಿ ಕೂರಬೇಕಾದವರ ಮನಸ್ಸಿಗೆ ಗೀರು ಹಾಕಬಾರದು. ಬರುವ ಶನಿವಾರ ಬಿಡುವಿದ್ದರೆ ಎರಡು ಬಕೆಟ್ ನೀರು ತುಂಬಿಸಿ, ಮಕ್ಕಳನ್ನೂ ಕರೆದುಕೊಂಡು ಅಂಗಳಕ್ಕೆ ಇಳಿಯಿರಿ. ತಗಡು ಕಾಣುವ ಗೀರು ಎಲ್ಲಾದರೂ ಇದೆಯೇ ಎಂದು ಮೊದಲು ಹುಡುಕಿ. ಇದ್ದರೆ ಮಳೆ ಬರುವ ಮುಂಚೆ ಅದನ್ನು ಮುಚ್ಚಿ.